ಮಂಗಳಾರ ಅಂತ ಮಗಳನ್ನ ತಡೀಬ್ಯಾಡ್ರಿ

ಅಕ್ಕೋರೆ, ಬೈದ್ರೂ ಹೇಳ್ತೀನಿ. ಎಂಟು ತಿಂಗಳ ಬಸುರಿ ನನ್ನ ಮಗಳಿಗೆ ಕಮಲಾಪುರದಾಗ ಸೋಮಾರ ರಾತ್ರಿ ಮಾರಿ ಬಾತು, ತಲಿ ಸಿಡೀಲಿಕತ್ತು. ಮಂಗಳಾರ ಹೆಣ್ಮಗಳನ್ನ ಹೊಸ್ತಿಲ ದಾಟಸಬಾರದಂತ ಬೀಗತಿ ಬುಧವಾರ ಕಳಿಸಿದ್ರು. ಕಲಬುರಗಿ ದವಾಖಾನಿಗೆ ಬರೋದ್ರಾಗ ಬಿಪಿ ಏರಿತ್ತು. ತಾಯಿ-ಕೂಸು ಉಳದ್ರು, ಖರೆ. ಆದ್ರ ಆ ರಾತ್ರಿ ನಾ ಮರೆಯಂಗಿಲ್ಲ.

ಮಂಗಳ ಕ್ರೂರ ಅಂತೀರಿ. ಜೋತಿಷ್ಯದಾಗ ದಿನಕ್ಕ 24 ಹೋರಾ. ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ, ಹಿಂಗ ಸರತಿ. ಸೂರ್ಯ ಹುಟ್ಟಿದಾಗಿನ ಮೊದಲ ಹೋರಾ ಯಾರದೋ, ವಾರ ಅವರ ಹೆಸರಿಂದು. ಅಂದಮ್ಯಾಲೆ ಮಂಗಳಾರದ ಮೂರನೇ ಹೋರಾ ಶುಕ್ರಂದೇ ಆಯ್ತಲ್ಲ! ಶಾಸ್ತ್ರ ಅನ್ನೋರು ಅದನ್ಯಾಕ ನೋಡಂಗಿಲ್ಲ?

ಅದ ಮಂಗಳಾರ ಬೀಗರು ಕೆಂಪು ಬಾಳಿಹಣ್ಣು ಮಾರಲಿಕ್ಕ ಕಲಬುರಗಿಗೇ ಬಂದಿದ್ರು. ಗಾಡ್ಯಾಗ ಜಾಗಾನೂ ಇತ್ತು.

ಇನ್ನೊಮ್ಮೆ ಹಿಂಗಾದ್ರ ಫೋನ್ ಹಚ್ಚವ್ವ, ನಾನೇ ಬಂದು ಕರಕೊಂಡು ಹೋಗ್ತೀನಿ ಅಂತ ಮಗಳಿಗೆ ಹೇಳೀನಿ. ಬೀಗತಿ ಮುಂದೇ ಹೇಳೀನಿ.