ಹಿತ್ತಲ ಗಿಡ ಮದ್ದಾಗಬೇಕಾದರೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹುಟ್ಟಿದ್ದು ಕೈಗೆಟಕುವ ವಸ್ತುವಿನ ಬೆಲೆ ಅರಿಯದವರನ್ನು ಅಣಕಿಸಲು. ಬೆಂಗಳೂರಿನ ಹೊರವಲಯದಲ್ಲಿ ಈ ಅಣಕಕ್ಕೆ ಉತ್ತರ ಕೊಡುವ ಪ್ರಯತ್ನವೊಂದು ನಡೆದಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ತಾರಸಿಗಳಲ್ಲಿ ಕೆಂಪು ದಾಸವಾಳದ ಕುಂಡಗಳಿವೆ. ಎಲೆಯ ಲೋಳೆ ತಲೆಗೆ, ಎಸಳಿನ ಅರೆತ ಮೊಸರಿನೊಡನೆ ಮುಖಕ್ಕೆ, ಒಣಗಿಸಿದ ಎಸಳು ‘ಹರ್ಬಲ್ ಟೀ’ಗೆ. ಮಲೆನಾಡಿನ ಬಾಯಲ್ಲಿ ಅದರ ಹೆಸರು ಕಷಾಯ. ಹೀಗೆ ಮಾಡುವವರಲ್ಲಿ ಉದ್ಯೋಗ ಅರಸಿ ಘಟ್ಟದ ಸೀಮೆಯಿಂದ ಹೋದವರೂ ಇದ್ದಾರೆ. ಅಜ್ಜಿಯ ಹಿತ್ತಲನ್ನು ಅವರು ಕುಂಡದಲ್ಲಿ ಕೊಂಡೊಯ್ದಿದ್ದಾರೆ.

ಈ ಪ್ರಯತ್ನ ಸ್ವಾಗತಾರ್ಹ. ಪ್ಲಾಸ್ಟಿಕ್ ಡಬ್ಬಿಗಳ ಲೇಪನಕ್ಕೆ ಹಣ ಸುರಿಯುವ ಬದಲು ಗಿಡವೊಂದನ್ನು ಸಾಕುವುದು ಎಲ್ಲ ರೀತಿಯಿಂದಲೂ ಮೇಲು. ಆದರೆ ಹೂವನ್ನು ಕೊಂಡೊಯ್ದಷ್ಟು ಸುಲಭವಾಗಿ ಅದರ ನೆಲವನ್ನೂ ನೀರನ್ನೂ ಕೊಂಡೊಯ್ಯಲಾಗದು. ಹೂವಿನ ಗುಣದ ಬಗ್ಗೆ ನೂರು ಮಾತನಾಡುವವರು ನೆಲದ ಗುಣದ ಬಗ್ಗೆ ಮೌನವಾಗಿರುವುದೇ ಇಲ್ಲಿನ ದೋಷ.

ಮೊದಲು ಹೂವಿನ ಮಾತು. ದಾಸವಾಳದ ಎಲೆ, ಎಸಳುಗಳಲ್ಲಿ ಲೋಳೆಯ ಅಂಶ ಹೇರಳವಾಗಿದೆ. ಕೂದಲು ನುಣುಪಾಗುವುದು ಅದರಿಂದಲೇ. ಎಸಳಿನ ಕೆಂಪಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣ. ಎಸಳು ನೆನೆಸಿದ ಬಿಸಿನೀರಿಗೆ ನಿಂಬೆರಸ ಬಿದ್ದರೆ ಗಾಢ ಗುಲಾಬಿ ಬಣ್ಣ, ಸಾಬೂನಿನ ನೀರು ಬಿದ್ದರೆ ಹಸಿರು. ಶಾಲೆಯಲ್ಲಿ ವಿದ್ಯಾರ್ಥಿಗಳು ಮಾಡುವ ಈ ಪ್ರಯೋಗ ಬಚ್ಚಲಮನೆಗೂ ಪಾಠ. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯ. ಸಾಮಾನ್ಯ ಸಾಬೂನು ಕ್ಷಾರೀಯ, ಅದರ ಪಿಎಚ್ 9ರಿಂದ 10ರಷ್ಟು. ಆದರೂ ಅರೆದ ಎಸಳಿನಲ್ಲಿ ಕೊಳೆಯದಂತೆ ಕಾಯುವ ಶಕ್ತಿಯಿಲ್ಲ. ಅಂದು ಅರೆದದ್ದನ್ನು ಅಂದೇ ಬಳಸಬೇಕು. ಬಾಟಲಿಯಲ್ಲಿ ತುಂಬಿ ವಾರಗಟ್ಟಲೆ ಇಟ್ಟರೆ ಅದು ಶಿಲೀಂಧ್ರದ ಬೆಳೆಯಾದೀತು.

ಪಾನೀಯದ ವಿಷಯದಲ್ಲಿ ಒಂದು ಗೊಂದಲವಿದೆ. ಅಂಗಡಿಯಲ್ಲಿ ‘ಹೈಬಿಸ್ಕಸ್ ಟೀ’ ಎಂದು ಮಾರುವುದು ಬಹುಮಟ್ಟಿಗೆ ದಾಸವಾಳದ ಎಸಳಲ್ಲ. ಉತ್ತರ ಕರ್ನಾಟಕದವರು ಸೊಪ್ಪಿನ ಪಲ್ಯ ಮಾಡುವ ಪುಂಡಿಯ ಜಾತಿಗೆ ಸೇರಿದ ಸಸ್ಯದ ಹುಳಿಯಾದ ಕೆಂಪು ಪುಷ್ಪಪಾತ್ರೆ ಅದು. ರಕ್ತದೊತ್ತಡ ಸ್ವಲ್ಪ ಇಳಿದದ್ದನ್ನು ಮನುಷ್ಯರಲ್ಲಿ ಗುರುತಿಸಿದ ಪ್ರಯೋಗಗಳು ಅದರ ಮೇಲೆ ನಡೆದವು. ಆ ಫಲಿತಾಂಶವನ್ನು ಹಿತ್ತಲ ದಾಸವಾಳಕ್ಕೆ ಅಂಟಿಸುವುದು ವಿಜ್ಞಾನವಲ್ಲ. ಗರ್ಭಿಣಿಯರು, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇವೆರಡರಲ್ಲಿ ಯಾವುದನ್ನೂ ರೂಢಿ ಮಾಡಿಕೊಳ್ಳಬಾರದು.

ಇನ್ನು ನೆಲದ ಮಾತು. ಪೀಣ್ಯ ಕೈಗಾರಿಕಾ ಪ್ರದೇಶ ತಲೆಯೆತ್ತಿದ್ದು 1970ರ ದಶಕದಲ್ಲಿ. ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಬಿದ್ದದ್ದೂ ಅದೇ ದಶಕದಲ್ಲಿ. ಪೀಣ್ಯದಲ್ಲಿ ಲೋಹಕ್ಕೆ ಲೇಪನ ಕೊಡುವ ಘಟಕಗಳ ತ್ಯಾಜ್ಯದಿಂದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದದ್ದು ಸರಕಾರಿ ಸಂಸ್ಥೆಗಳೇ ದಾಖಲಿಸಿರುವ ಸಂಗತಿ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವ ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಮಾತ್ರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಮಾಲಿನ್ಯ ಸೂಚ್ಯಂಕದಲ್ಲಿ ಪೀಣ್ಯ 65.11 ಅಂಕ ಪಡೆದು ತೀವ್ರ ಮಲಿನ ಪ್ರದೇಶಗಳ ಪಟ್ಟಿ ಸೇರಿತು. ವೈಟ್‌ಫೀಲ್ಡ್ ಮಗ್ಗುಲಿನ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿತು. ಅದರ ಮೇಲ್ದಂಡೆಯ ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಬೆಂಕಿ ಎದ್ದಿತು. ಸೀಸ ಬೆರೆತ ಪೆಟ್ರೋಲು ದೇಶದಲ್ಲಿ 2000ದಲ್ಲಿ ನಿಂತಿತು. ಹಳೆಯ ಹೆದ್ದಾರಿಗಳ ಬದಿಯ ಮಣ್ಣಿಗೆ ಬಿದ್ದ ಸೀಸ ಅಷ್ಟು ಬೇಗ ಹೋಗುವಂಥದಲ್ಲ.

ಹಾಗೆಂದು ಈ ಊರುಗಳ ಹೂವೆಲ್ಲ ವಿಷವೆಂದು ಹೆದರಿಸುವುದು ತಪ್ಪು. ಗಿಡ ಹೀರಿದ ಕ್ರೋಮಿಯಂನ ಬಹುಪಾಲು ಬೇರಿನಲ್ಲಿಯೇ ಉಳಿಯುತ್ತದೆ. ಕ್ಯಾಡ್ಮಿಯಂ ಮಾತ್ರ ಹೆಚ್ಚು ಸುಲಭವಾಗಿ ಮೇಲೇರುತ್ತದೆ. ಎಸಳಿನ ಮೇಲೆ ಕೂರುವ ದೂಳನ್ನು ತೊಳೆದು ಬಹುಮಟ್ಟಿಗೆ ಕಳೆಯಬಹುದು. ದೊಡ್ಡ ಅಪಾಯ ಇರುವುದು ಕಷಾಯಕ್ಕೆ ಹೊಯ್ಯುವ ನೀರಿನಲ್ಲಿ. ಕುದಿಸಿದರೆ ಎಲ್ಲವೂ ಶುದ್ಧವೆಂಬ ನಂಬಿಕೆ ಮನೆಮನೆಯಲ್ಲಿದೆ. ಕುದಿತದಿಂದ ಸಾಯುವುದು ರೋಗಾಣು, ಲೋಹಕ್ಕೆ ಸಾವಿಲ್ಲ. ನಾಲ್ಕು ಲೋಟ ಕೊಳವೆಬಾವಿಯ ನೀರನ್ನು ಒಂದು ಲೋಟಕ್ಕೆ ಬತ್ತಿಸಿದರೆ ನಾಲ್ಕು ಲೋಟದ ಲೋಹ ಆ ಒಂದರಲ್ಲಿ ಉಳಿಯುತ್ತದೆ. ಆರೋಗ್ಯಕ್ಕೆಂದು ಹಿಡಿದ ಲೋಟವೇ ಹೀಗೆ ಕೈಕೊಡಬಹುದು. ಈ ವಿಷಯದಲ್ಲಿ ದಾಸವಾಳದ ಬಣ್ಣವೂ ಸುಳಿವು ಕೊಡದು.

2024ರ ಬೇಸಿಗೆಯಲ್ಲಿ ನೀರಿನ ಅಭಾವ ಎದುರಾದಾಗ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಹಾಕುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಅಪಾರ್ಟ್‌ಮೆಂಟುಗಳ ಶುದ್ಧೀಕರಣ ಘಟಕದ ಮರುಬಳಕೆ ನೀರು ಹುಲ್ಲುಹಾಸಿಗೂ ನೆರಳಿನ ಮರಕ್ಕೂ ತಕ್ಕುದು. ಘಟಕ ಸರಿಯಾಗಿ ನಡೆಯದಿದ್ದರೆ ಆ ನೀರಿನಲ್ಲಿ ರೋಗಾಣು ಉಳಿಯುತ್ತದೆ. ಹಸಿಯಾಗಿ ಅರೆದು ಮುಖಕ್ಕೆ ಹಚ್ಚುವ ಹೂವಿಗೆ ಅದನ್ನು ಚಿಮುಕಿಸಬಾರದು. ಉಳಿದದ್ದು ಮಳೆಯ ನೀರು. ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ ಬೀಳುವ ಬೆಂಗಳೂರಿನಲ್ಲಿ ಹತ್ತು ಚದರ ಮೀಟರ್ ತಾರಸಿ, ಐದನೆಯ ಒಂದು ಪಾಲು ಸೋರಿಹೋದರೂ, 7,000 ಲೀಟರಿಗೂ ಮಿಗಿಲು ನೀರು ಕೊಡುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು ಉಳಿದದ್ದನ್ನು ಹಿಡಿದಿಟ್ಟರೆ ನಾಲ್ಕಾರು ಕುಂಡಗಳಿಗೆ ಬೇರೆ ನೀರು ಬೇಕಾಗದು.

ನರ್ಸರಿಯಿಂದ ತಂದ ಗಿಡದ ಮೇಲೂ ಕಣ್ಣಿಡಬೇಕು. ದಾಸವಾಳಕ್ಕೆ ಹಿಟ್ಟುತಿಗಣೆಯ ಕಾಟ ಹೆಚ್ಚು. ಅದನ್ನು ತಡೆಯಲು ಸಿಂಪಡಿಸುವ ಅಂತರ್ವ್ಯಾಪಿ ಕೀಟನಾಶಕ ರಸದೊಡನೆ ಗಿಡದ ತುಂಬ ಹರಿಯುತ್ತದೆ. ಹೂವು ತೊಳೆದರೆ ಹೋಗದು. ಹೊಸ ಗಿಡವನ್ನು ಸವರಿ, ಮಣ್ಣು ಬದಲಿಸಿ, ಕೆಲವು ತಿಂಗಳ ಹೂವನ್ನು ದೇವರಿಗೆ ಬಿಡುವುದು ಕ್ಷೇಮ. ತಿಗಣೆಗೆ ರಭಸದ ನೀರು, ಸಾಬೂನಿನಲ್ಲಿ ಕದಡಿದ ಬೇವಿನೆಣ್ಣೆ ಸಾಕು.

ಇಷ್ಟನ್ನು ಓದಿ ಮಲೆನಾಡಿನವರು ಹೆಮ್ಮೆಪಟ್ಟು ಸುಮ್ಮನಾಗುವಂತಿಲ್ಲ. ಅದೇ 2009ರ ಸೂಚ್ಯಂಕದಲ್ಲಿ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯ ಅಂಕ 72.33. ಪೀಣ್ಯಕ್ಕಿಂತ ಹೆಚ್ಚು! ಗದ್ದೆಗಳಿಗೆ ಶುಂಠಿ ಬಂದ ಮೇಲೆ ಕೀಟನಾಶಕ, ಶಿಲೀಂಧ್ರನಾಶಕಗಳ ಡಬ್ಬಿಗಳು ಹಳ್ಳದ ದಂಡೆಗೂ ಬಂದಿವೆ. ಅಡಿಕೆಗೆ ಹೊಡೆದ ಔಷಧಿ ಬೇಲಿಯ ದಾಸವಾಳಕ್ಕೂ ತಾಗುತ್ತದೆ. ಬೆಂಗಳೂರಿನ ಮಗಳಿಗೆ, ಸೊಸೆಗೆ ಒಣಗಿಸಿದ ಎಸಳಿನ ಪೊಟ್ಟಣ ಕಳುಹಿಸುವ ತಾಯಂದಿರು ಅದು ಯಾವ ಬೇಲಿಯ ಹೂವೆಂದು ಒಮ್ಮೆ ಯೋಚಿಸಬೇಕಾಗಿದೆ.

ಮನೆಮದ್ದನ್ನು ಪ್ರೀತಿಸುವವರು ಎರಡು ಬೇಡಿಕೆಗಳನ್ನು ಮುಂದಿಡಬೇಕು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಲೆಕ್ಕ ಸಿಗುತ್ತದೆ. ಭಾರಲೋಹಗಳದ್ದನ್ನು ಪ್ರತ್ಯೇಕವಾಗಿ ಕೇಳಬೇಕು. ಆ ಪರೀಕ್ಷೆ ಬಡವರ ಕೈಗೆಟಕುವ ದರದಲ್ಲಿ ದೊರೆಯಬೇಕು. ಎರಡನೆಯದಾಗಿ, ಕೈಗಾರಿಕಾ ಪ್ರದೇಶಗಳ ಸುತ್ತಲಿನ ಕೊಳವೆಬಾವಿಗಳ ವರದಿಯನ್ನು ಮಂಡಳಿಗಳು ವಾರ್ಡುವಾರು ಕನ್ನಡದಲ್ಲಿ ಪ್ರಕಟಿಸಬೇಕು. ಪೀಣ್ಯದ ಬಾಡಿಗೆ ಮನೆಯ ಕಾರ್ಮಿಕ ಹೆಣ್ಣುಮಗಳು ದಾಸವಾಳ ಅರೆಯದಿರಬಹುದು, ಹರ್ಬಲ್ ಟೀ ಕುಡಿಯದಿರಬಹುದು. ಅದೇ ನೀರಿನಲ್ಲಿ ಅವಳು ಅನ್ನ ಬೇಯಿಸುತ್ತಾಳೆ. ಕಷಾಯದ ಲೋಟಕ್ಕಾಗಿ ಕೇಳುವ ಶುದ್ಧ ನೀರನ್ನು ಮೊದಲು ಅವಳ ಬಿಂದಿಗೆಗಾಗಿ ಕೇಳಬೇಕು.