ಎತ್ತರಿಸಿದ ಜೀಪನ್ನು ಇಳಿಸುವ ಬಗೆ

ಸಕಲೇಶಪುರ, ಮೂಡಿಗೆರೆ, ಮಡಿಕೇರಿಯ ಕಡೆ ಜೀಪೆಂದರೆ ಮನೆಯ ಒಬ್ಬ ಆಳಿದ್ದಂತೆ. ತೋಟಕ್ಕೆ ಗೊಬ್ಬರ ಹೊರುವುದು, ಕಾಫಿ ಮೂಟೆ ಸಾಗಿಸುವುದು, ಮಳೆಗಾಲದ ನಡುರಾತ್ರಿ ಬಸುರಿ ಹೆಂಗಸನ್ನು ಆಸ್ಪತ್ರೆ ಮುಟ್ಟಿಸುವುದು, ಎಲ್ಲಕ್ಕೂ ಅದೇ ಆಗಬೇಕು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದ ಮೇಲೆ ಮಲೆನಾಡಿಗೆ ಬಂದ ಈ ವಾಹನ ಅಲ್ಲಿನ ಕೆಸರು, ಕೊರಕಲು, ಹಳ್ಳಗಳಿಗೆ ಹೇಳಿ ಮಾಡಿಸಿದಂತಿತ್ತು. ಅದರ ಟೈರಾದರೂ ಎಂಥದು? 6.00-16 ಅಳತೆಯದು. ನಿಲ್ಲಿಸಿ ಅಳೆದರೆ 28-29 ಅಂಗುಲ ಎತ್ತರ, ಅಗಲ ಆರು ಅಂಗುಲದ ಆಸುಪಾಸು. ಮಳೆ ಹಿಡಿದಾಗ ಆ ಸಪೂರ ಟೈರಿಗೆ ಕಬ್ಬಿಣದ ಸರಪಣಿ ಸುತ್ತಿದರೆ ಮೇಲಿನ ಕೆಸರನ್ನು ಸೀಳಿಕೊಂಡು ಅಡಿಯ ಗಟ್ಟಿ ನೆಲವನ್ನು ಕಚ್ಚಿ ಹಿಡಿಯುತ್ತಿತ್ತು.

ಈಚಿನ ವರ್ಷಗಳಲ್ಲಿ ಜೀಪಿನ ಚಹರೆ ಬದಲಾಗಿದೆ. ಥಾರ್, ಜಿಪ್ಸಿ, ಹಳೆಯ ಎಂಎಂ 540, ಯಾವುದೇ ಇರಲಿ, ಸ್ಪ್ರಿಂಗ್ ಬದಲಿಸಿ ಮೂರು ನಾಲ್ಕು ಅಂಗುಲ ಮೇಲೆತ್ತಿ, ಅಡಿಗೆ 33 ಅಂಗುಲದ ದಪ್ಪ ಟೈರು ತೊಡಿಸುವ ಹವ್ಯಾಸ ಹಬ್ಬಿದೆ. ನೋಡಲು ಗಂಭೀರ, ಸಂದೇಹವಿಲ್ಲ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ದೂರುಗಳು ಒಂದೊಂದಾಗಿ ಶುರುವಾಗುತ್ತವೆ. ಘಾಟಿಯ ತಿರುವಿನಲ್ಲಿ ವಾಹನ ತೊನೆಯುತ್ತದೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಅತ್ತಿತ್ತ ಎಳೆಯುತ್ತದೆ. ಬ್ರೇಕು ಒತ್ತಿದಲ್ಲಿ ನಿಲ್ಲುವುದಿಲ್ಲ. ಡೀಸೆಲು ಸಾಲುವುದಿಲ್ಲ. ಮನೆಯ ಹಿರಿಯರು ಹತ್ತಬೇಕಾದರೆ ಸ್ಟೂಲು ಇಡಬೇಕು. ಹೀಗಾದಾಗ ಒಡೆಯನ ಮನಸ್ಸಿನಲ್ಲಿ ಮೂಡುವ ಪ್ರಶ್ನೆ: ಇದನ್ನು ಮತ್ತೆ ಇಳಿಸಬಹುದೆ?

ಧಾರಾಳವಾಗಿ ಇಳಿಸಬಹುದು. ಆದರೆ ಎತ್ತರಿಸಿದಾಗ ಏನೇನು ಬದಲಾಗಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳದೆ ಕೈಹಾಕಿದರೆ ಇಳಿಸಿದ ಜೀಪು ಎತ್ತರಿಸಿದ ಜೀಪಿಗಿಂತ ಅಪಾಯಕಾರಿಯಾದೀತು.

ಅಂಗುಲದ ಲೆಕ್ಕ

ಎತ್ತರಿಸುವುದರಲ್ಲಿ ಎರಡು ಬಗೆ ಉಂಟು. ಸ್ಪ್ರಿಂಗ್ ಬದಲಿಸಿದರೆ ಚಾಸಿ ಮತ್ತು ಅದರ ಮೇಲಿನ ಮೈ ಮಾತ್ರ ಏರುತ್ತದೆ. ಆಕ್ಸಲ್ ಇದ್ದಲ್ಲೇ ಇರುತ್ತದೆ. ಆಕ್ಸಲ್ಲಿನ ನಡುವೆ ದಪ್ಪಗೆ ಉಬ್ಬಿರುವ ಡಿಫರೆನ್ಷಿಯಲ್ ಕಲ್ಲಿಗೆ ತಾಗದಂತೆ ಮೇಲೇರಬೇಕಾದರೆ ಟೈರೇ ದೊಡ್ಡದಾಗಬೇಕು. ಅಲ್ಲೂ ಸಿಗುವುದು ಅರ್ಧ ಪಾಲು. ಟೈರಿನ ವ್ಯಾಸ ಎರಡೂವರೆ ಅಂಗುಲ ಹೆಚ್ಚಿದರೆ ಆಕ್ಸಲ್ ಏರುವುದು ಒಂದೂಕಾಲು ಅಂಗುಲ.

2020ರ ಥಾರ್‌ನ 16 ಅಂಗುಲ ಚಕ್ರದ ಮಾದರಿಯನ್ನೇ ತೆಗೆದುಕೊಳ್ಳಿ. ಅದರ ಟೈರಿನ ಅಳತೆ 245/75 ಆರ್ 16. ಅಗಲ 245 ಮಿ.ಮೀ.; ಅದರ ಶೇ. 75ರಷ್ಟು, ಅಂದರೆ ಸುಮಾರು 184 ಮಿ.ಮೀ., ಪಕ್ಕೆಯ ಎತ್ತರ. ಮೇಲಿನದೊಂದು ಕೆಳಗಿನದೊಂದು ಸೇರಿಸಿ, ನಡುವಣ ಚಕ್ರದ 406 ಮಿ.ಮೀ. ಕೂಡಿಸಿದರೆ ಒಟ್ಟು 774 ಮಿ.ಮೀ., ಸುಮಾರು ಮೂವತ್ತೂವರೆ ಅಂಗುಲ. 33 ಅಂಗುಲದ ಟೈರು 838 ಮಿ.ಮೀ. ಇರುತ್ತದೆ. ಇವೆರಡರ ಅಂತರ ಶೇ. 8ಕ್ಕೂ ಸ್ವಲ್ಪ ಹೆಚ್ಚು.

ಈ ಶೇ. 8 ಎಲ್ಲೆಲ್ಲಿ ತಲೆಹಾಕುತ್ತದೆ ನೋಡಿ. ಸ್ಪೀಡೋಮೀಟರು 60 ತೋರಿಸುವಾಗ ವಾಹನ 65ರಲ್ಲಿ ಓಡುತ್ತಿರುತ್ತದೆ; 80 ತೋರಿಸುವಾಗ 86 ದಾಟಿರುತ್ತದೆ. ಒಂದು ಸುತ್ತಿಗೆ ಹೆಚ್ಚು ದೂರ ಹೋಗುವ ಗಾಲಿಯನ್ನು ತಿರುಗಿಸಲು ಎಂಜಿನ್ ಹೆಚ್ಚು ಹೆಣಗಬೇಕು. ಏರಿನಲ್ಲಿ ಮೂರನೇ ಗೇರಿನ ಕೆಲಸಕ್ಕೆ ಎರಡನೆಯದು ಬೇಕಾಗುತ್ತದೆ. ಬ್ರೇಕಿನ ಡಿಸ್ಕು ಹಳೆಯದೇ, ಹಿಡಿಯುವ ಬಲವೂ ಹಳೆಯದೇ. ಆದರೆ ಗಾಲಿಯ ತ್ರಿಜ್ಯ ಹೆಚ್ಚಿದ್ದರಿಂದ ನೆಲದ ಮೇಲೆ ಸಿಗುವ ತಡೆ ಸುಮಾರು ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಟೈರಿನ ತೂಕವೂ ಏರಿರುತ್ತದೆ. ಬೀಸುಕಲ್ಲಿನಂತೆ ಸುತ್ತುವ ಆ ತೂಕವನ್ನು ನಿಲ್ಲಿಸುವುದೂ ಕಷ್ಟ, ಹೊರಡಿಸುವುದೂ ಕಷ್ಟ. ವೀಲ್ ಬೇರಿಂಗ್, ಬಾಲ್ ಜಾಯಿಂಟುಗಳು ಬೇಗ ಸವೆಯುವುದು ಇದರಿಂದಲೇ.

ಉರುಳುವ ಅಳತೆ

ಇವೆಲ್ಲ ಖರ್ಚಿನ ಮಾತಾಯಿತು. ಜೀವದ ಮಾತು ಬೇರೆ ಇದೆ. ವಾಹನ ಎಷ್ಟು ಸುಲಭವಾಗಿ ಪಲ್ಟಿಯಾಗಬಹುದೆಂಬುದನ್ನು ಅಂದಾಜು ಮಾಡಲು ಸರಳವಾದ ಲೆಕ್ಕವೊಂದಿದೆ. ಎಡಬಲ ಗಾಲಿಗಳ ನಡುವಿನ ಅಗಲದ ಅರ್ಧವನ್ನು ನೆಲದಿಂದ ಗುರುತ್ವ ಕೇಂದ್ರಕ್ಕಿರುವ ಎತ್ತರದಿಂದ ಭಾಗಿಸಿದರಾಯಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2001ರ ಮಾದರಿಗಳಿಂದ ಆರಂಭಿಸಿ ವಾಹನಗಳಿಗೆ ಉರುಳುವ ಅಪಾಯದ ಅಂಕ ಕೊಡತೊಡಗಿದ್ದು ಈ ಲೆಕ್ಕವನ್ನೇ ಆಧರಿಸಿ. ಸಾಧಾರಣ ಕಾರುಗಳಿಗೆ ಇದು 1.3ರಿಂದ 1.5 ಬರುತ್ತದೆ, ಎತ್ತರದ ಜೀಪು ಜಾತಿಯ ವಾಹನಗಳಿಗೆ 1.0ರಿಂದ 1.3.

ಉದಾಹರಣೆಗೆ, ಗಾಲಿಗಳ ನಡುವೆ 150 ಸೆಂ.ಮೀ. ಅಗಲ, ಗುರುತ್ವ ಕೇಂದ್ರ 70 ಸೆಂ.ಮೀ. ಎತ್ತರದಲ್ಲಿರುವ ಒಂದು ವಾಹನವನ್ನು ಊಹಿಸಿಕೊಳ್ಳಿ. ಅದರ ಅಂಕ 1.07. ಸ್ಪ್ರಿಂಗಿನಿಂದ ಮೂರು ಅಂಗುಲ, ಟೈರಿನಿಂದ ಒಂದೂಕಾಲು ಅಂಗುಲ ಮೇಲೆತ್ತಿದರೆ ಗುರುತ್ವ ಕೇಂದ್ರ ಹೆಚ್ಚುಕಡಿಮೆ 10 ಸೆಂ.ಮೀ. ಏರುತ್ತದೆ. ಆಗ ಅಂಕ 0.94. ಪಕ್ಕಕ್ಕೆ ವಾಲಿದ ನೆಲದಲ್ಲಿ ಮೊದಲು 47 ಡಿಗ್ರಿಯವರೆಗೆ ನಿಲ್ಲಬಲ್ಲ ವಾಹನ ಈಗ 43 ಡಿಗ್ರಿಗೇ ಮಗುಚುತ್ತದೆ. ಇದೂ ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ವಾಲಿದ ಕಡೆಯ ಸ್ಪ್ರಿಂಗ್ ಕುಸಿಯುತ್ತದೆ, ಒಳಗೆ ಕುಳಿತವರು ಅದೇ ಬದಿಗೆ ಜರುಗುತ್ತಾರೆ, ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಸಾಮಾನಿರುತ್ತದೆ. ಆದ್ದರಿಂದ ಎರಡೂ ಅಂಕಿಗಳು ಇನ್ನಷ್ಟು ಕೆಳಗಿಳಿಯುತ್ತವೆ. ತಿರುವಿನಲ್ಲಿ ಜಾರಿದ ವಾಹನದ ಗಾಲಿ ರಸ್ತೆಯಂಚಿನ ಚರಂಡಿಗೆ ತಗುಲಿದರೆ ಸಾಕು, ಆ ಸಣ್ಣ ವ್ಯತ್ಯಾಸವೇ ದೊಡ್ಡದಾಗುತ್ತದೆ.

ಮಾರುತಿ ಜಿಪ್ಸಿಯ ಉದಾಹರಣೆ ಇಲ್ಲಿ ನೆನೆಯುವಂಥದು. 1985ರಲ್ಲಿ ಬಂದ ಆ ವಾಹನದ ಗಾಲಿಗಳ ನಡುವಿನ ಅಗಲವನ್ನು 1993ರಲ್ಲಿ ಸುಮಾರು 9 ಸೆಂ.ಮೀ. ಹಿಗ್ಗಿಸಲಾಯಿತು. ಮೇಲಿನ ಭಾಗಾಕಾರದಲ್ಲಿ ಅಗಲ ಹೆಚ್ಚಿದರೂ ಅಂಕ ಏರುತ್ತದೆ, ಎತ್ತರ ತಗ್ಗಿದರೂ ಏರುತ್ತದೆ. ಅಗಲಿಸುವುದು ಕಾರ್ಖಾನೆಯ ಕೈಯಲ್ಲಿದೆ. ತಗ್ಗಿಸುವುದು ಒಡೆಯನ ಕೈಯಲ್ಲಿದೆ.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. ತಯಾರಕರು ಗೊತ್ತುಪಡಿಸಿದ ವಿವರಗಳನ್ನು ಮೀರಿ ವಾಹನ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಬದಲಾವಣೆ ಮಾಡಿದ ಒಡೆಯನಿಗೆ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಎಂದು ಸೇರಿಸಲಾಯಿತು. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಲು ಇಷ್ಟು ಸಾಕು. ತಾನು ಉಳಿದರೂ ಎದುರಿನವರಿಗೆ ಪರಿಹಾರ ಕೈಯಿಂದ ಕೊಡಬೇಕಾದ ಪ್ರಸಂಗ ಬಂದೀತು.

ಇಳಿಸುವಾಗಿನ ಎಚ್ಚರ

ಯಾವ ವಿಧಾನದಲ್ಲಿ ಎತ್ತರಿಸಲಾಗಿದೆಯೋ ಅದರ ಮೇಲೆ ಇಳಿಸುವ ವಿಧಾನ ನಿಂತಿದೆ. ಹಳೆಯ ಜೀಪು, ಜಿಪ್ಸಿಗಳಿಗೆ ಲೀಫ್ ಸ್ಪ್ರಿಂಗು. ಅಲ್ಲಿ ಉದ್ದದ ಶ್ಯಾಕಲ್ ಹಾಕಿರಬಹುದು, ಪ್ಲೇಟು ಹೆಚ್ಚಿಸಿರಬಹುದು, ಪ್ಲೇಟುಗಳನ್ನು ಬಡಿಸಿ ಬಿಲ್ಲಿನಂತೆ ಬಾಗಿಸಿರಬಹುದು. ಪ್ಲೇಟಿನ ಕಟ್ಟು ಬಿಚ್ಚಿದ ಮೇಲೆ ಹಳೆಯ ಯು-ಬೋಲ್ಟುಗಳನ್ನೇ ಮತ್ತೆ ಬಿಗಿಯಬಾರದು. ಒಮ್ಮೆ ಎಳೆತಕ್ಕೆ ಸಿಕ್ಕ ಬೋಲ್ಟು ಎರಡನೆಯ ಸಲ ಅದೇ ಬಿಗಿ ಹಿಡಿಯದು. 2010ರಲ್ಲಿ ಬಂದ ಥಾರ್‌ನ ಸಿಆರ್‌ಡಿಇ ಮಾದರಿಯಲ್ಲಿ ಮುಂದೆ ಟಾರ್ಷನ್ ಬಾರ್ ಇದೆ. ಅದನ್ನು ಬಿಗಿಮಾಡಿ ಎತ್ತರಿಸಿದ್ದರೆ ಎರಡೂ ಕಡೆ ಸಮನಾಗಿ ಸಡಿಲಿಸಬೇಕು. 2020ರ ಥಾರ್‌ಗೆ ಕಾಯಿಲ್ ಸ್ಪ್ರಿಂಗು. ಅಲ್ಲಿ ಉದ್ದದ ಸ್ಪ್ರಿಂಗೋ ಸ್ಪ್ರಿಂಗಿನ ತುದಿಗಿಟ್ಟ ದಪ್ಪ ಬಿಲ್ಲೆಯೋ ಇರುತ್ತದೆ.

ಸ್ಪ್ರಿಂಗ್ ಇಳಿಸಿ ಉಳಿದದ್ದನ್ನು ಹಾಗೆಯೇ ಬಿಡುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಎತ್ತರಕ್ಕೆಂದು ತಂದ ಉದ್ದನೆಯ ಷಾಕ್ ಅಬ್ಸಾರ್ಬರ್ ತಗ್ಗಿದ ಜೀಪಿನಲ್ಲಿ ಉಳಿದರೆ ಗುಂಡಿಗೆ ಬಿದ್ದಾಗ ಅದರ ಒಳಗಿನ ಕೊಳವೆ ತಳ ಮುಟ್ಟಿ ಒಡೆಯುತ್ತದೆ. ಉದ್ದ ಮಾಡಿಸಿದ ಪ್ರೊಪೆಲ್ಲರ್ ಷಾಫ್ಟ್ ಇದ್ದರೆ ಅದಕ್ಕೂ ಅದೇ ಗತಿ. ಒಳಸರಿಯಲು ಜಾಗವಿಲ್ಲದೆ ಗೇರುಪೆಟ್ಟಿಗೆಯನ್ನೇ ಗುದ್ದುತ್ತದೆ. ಆಕ್ಸಲ್ ನೆಟ್ಟಗಿರಲೆಂದು ಇಟ್ಟ ಓರೆ ತುಂಡುಗಳು, ಹೊಂದಾಣಿಕೆಯ ತೋಳುಗಳು ಎಲ್ಲವೂ ಹಳೆಯ ಅಳತೆಗೆ ಮರಳಬೇಕು. ಇಲ್ಲದಿದ್ದರೆ ಷಾಫ್ಟಿನ ಕೋನ ತಪ್ಪಿ ಯೂನಿವರ್ಸಲ್ ಜಾಯಿಂಟು ಗದಗುಟ್ಟುತ್ತದೆ.

ಇನ್ನೊಂದು ಸೂಕ್ಷ್ಮ ಹಲವರ ಗಮನಕ್ಕೆ ಬರುವುದಿಲ್ಲ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಜೀಪು ಜ್ಯಾಕಿನ ಮೇಲೆ ತೂಗುತ್ತಿರುವಾಗ ಕೊನೆಯ ಬಿಗಿ ಬಿಗಿಯಬಾರದು. ನೆಲಕ್ಕಿಳಿಸಿ, ನಾಲ್ಕು ಗಾಲಿಗಳ ಮೇಲೆ ಭಾರ ಕೂತ ಮೇಲೆ ಬಿಗಿಯಬೇಕು. ಮೊದಲೇ ಬಿಗಿದರೆ ಬುಷ್ ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಮುಂಗಾಲಿಯ ಕೋನದಲ್ಲಿ ಅಡಗಿದೆ. ಅದು ಸರಿಯಾದರೆ ಅತ್ತಿತ್ತ ಎಳೆಯುವ ದೂರು ತೀರುತ್ತದೆ. ಹೆಡ್‌ಲೈಟಿನ ದಿಕ್ಕನ್ನೂ ಮತ್ತೆ ಹೊಂದಿಸಬೇಕು. ಎತ್ತರಕ್ಕೆಂದು ಬಗ್ಗಿಸಿದ್ದ ದೀಪ ಈಗ ಮೂಗಿನ ಮುಂದಿನ ರಸ್ತೆಯನ್ನಷ್ಟೇ ಬೆಳಗುತ್ತದೆ.

ಟೈರಿನ ಆಯ್ಕೆ

ದೊಡ್ಡ ಟೈರು ಹಾಕಿಸುವಾಗ ಬಿಚ್ಚಿದ ಮೂಲ ಟೈರುಗಳನ್ನು ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟವರುಂಟು. ಅವನ್ನೇ ಇಳಿಸಿ ತೊಡಿಸುವ ಮುಂಚೆ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಓಡದೆ ಬಿದ್ದಿದ್ದ ಟೈರಿನ ರಬ್ಬರೂ ಗಡುಸಾಗುತ್ತದೆ, ಬಿರಿಯುತ್ತದೆ. ಹಲ್ಲು ಚೆನ್ನಾಗಿದೆಯೆಂದ ಮಾತ್ರಕ್ಕೆ ನಂಬಬಾರದು. ನಾಲ್ಕೂ ಟೈರು ಒಂದೇ ಅಳತೆಯವಾಗಿರಬೇಕು, ಸ್ಟೆಪ್ನಿಯೂ ಸೇರಿ. ಹಿಂದೊಂದು ಮುಂದೊಂದು ಅಳತೆಯ ಟೈರು ಹಾಕಿ ಫೋರ್ ವೀಲ್ ಡ್ರೈವ್ ಹಾಕಿದರೆ ಮುಂದಿನ ಹಿಂದಿನ ಷಾಫ್ಟುಗಳು ಒಂದನ್ನೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಕೆಸರಿಗೆಂದೇ ಮಾಡಿದ ದೊಡ್ಡ ಹಲ್ಲಿನ ಟೈರು ನೆನೆದ ಡಾಮರಿನ ಮೇಲೆ ಹಿಡಿತ ಕಡಿಮೆ. ವರ್ಷದ ಬಹುಪಾಲು ಡಾಮರಿನಲ್ಲೇ ಓಡುವ ಜೀಪಿಗೆ ಎರಡೂ ಬಗೆಯ ನೆಲಕ್ಕೆ ಒಗ್ಗುವ ಆಲ್ ಟೆರೇನ್ ಟೈರು ಮೇಲು.

ಇಳಿಸಿದ ಮೇಲೆ ಕಳೆದುಕೊಳ್ಳುವುದು ಏನೂ ಇಲ್ಲವೆ? ಇದೆ. ದೊಡ್ಡ ಬಂಡೆ ಹತ್ತುವಾಗ ಮೂತಿ ತಾಗುತ್ತದೆ, ಆಳದ ಕೊರಕಲಿನಲ್ಲಿ ಹೊಟ್ಟೆ ಉಜ್ಜುತ್ತದೆ. ಸ್ಪರ್ಧೆಗಳಿಗೆ ಹೋಗುವವರು ಎತ್ತರ ಬಿಡಲಾರರು. ಅವರ ವಾಹನ ಅದಕ್ಕೇ ಮೀಸಲು. ಕೆಸರಿನ ಸಂಗತಿ ಮಾತ್ರ ಬೇರೆ. ಅಲ್ಲಿ ಟೈರಿನ ಗಾಳಿ ತಗ್ಗಿಸುವುದರಿಂದ ಸಿಗುವ ಲಾಭ ದೊಡ್ಡದು. 30 ಪೌಂಡು ಇದ್ದದ್ದನ್ನು 18-20ಕ್ಕೆ ಇಳಿಸಿದರೆ ಟೈರು ಚಪ್ಪಟೆಯಾಗಿ ನೆಲವನ್ನು ಹೆಚ್ಚು ತಬ್ಬಿಕೊಳ್ಳುತ್ತದೆ. ಡಾಮರಿಗೆ ಬಂದೊಡನೆ ತುಂಬಿಸಲು ಒಂದು ಪಂಪು ಜೊತೆಗಿದ್ದರಾಯಿತು. ಅಡಿಯಲ್ಲಿ ಜೋತುಬಿದ್ದ ಫುಟ್‌ಬೋರ್ಡು ತೆಗೆದು, ಎಂಜಿನ್ ಕೆಳಗೆ ಗಟ್ಟಿ ತಗಡು ಹಾಕಿಸಿದರೆ ಇನ್ನಷ್ಟು ಭಯ ಕಡಿಮೆ. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜನರನ್ನು ಹೊತ್ತು ಹತ್ತುವ ಬಾಡಿಗೆ ಜೀಪುಗಳನ್ನು ಗಮನಿಸಿದರೆ ತಿಳಿಯುತ್ತದೆ, ಆ ದಾರಿಯನ್ನು ಗೆಲ್ಲುವುದು ಹೆಚ್ಚಾಗಿ ಚಾಲಕನ ಕಾಲು ಮತ್ತು ಕೈಯ ಹದ.

ಪೂರ್ತಿ ಇಳಿಸಲು ಮನಸ್ಸಾಗದವರಿಗೆ ನಡುವಿನ ದಾರಿಯೂ ಉಂಟು. 33ರ ಟೈರನ್ನು ಮೊದಲು ತೆಗೆಯಿರಿ. ಟೈರು ಚಿಕ್ಕದಾದೊಡನೆ ಬ್ರೇಕು, ಗೇರು, ಸ್ಪೀಡೋಮೀಟರು ಮೂರೂ ತಮ್ಮ ಜಾಗಕ್ಕೆ ಬರುತ್ತವೆ. ಸ್ಪ್ರಿಂಗನ್ನು ಆಮೇಲೆ ನೋಡಬಹುದು. ಆದರೆ ತಿರುವಿನಲ್ಲಿ ತೊನೆಯುವ ಭಯ ನಿಜವಾಗಿ ಹೋಗುವುದು ಸ್ಪ್ರಿಂಗೂ ಇಳಿದಾಗಲೇ. ಕಾಯ್ದೆಯ ತೊಡಕು ಕಳೆಯುವುದೂ ಆಗಲೇ.

ಕೆಲಸ ಮುಗಿದ ಮೇಲೆ ಗ್ಯಾರೇಜಿನಿಂದ ನೇರವಾಗಿ ಘಾಟಿಗೆ ಹೋಗುವುದು ಬೇಡ. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಓಡಿಸಿ, ಬ್ರೇಕು ಹಿಡಿದು, ಯಾವ ಕಡೆಗೂ ಎಳೆಯುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಬ್ರೇಕಿನ ರಬ್ಬರ್ ಪೈಪು ಎಲ್ಲೂ ಉಜ್ಜುತ್ತಿಲ್ಲವೆಂದು ನೋಡಬೇಕು. ಕೆಲವು ನೂರು ಕಿಲೋಮೀಟರು ಓಡಿದ ನಂತರ ಯು-ಬೋಲ್ಟು, ವೀಲ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು. ಅಷ್ಟಾದ ಮೇಲೆ ಮನೆಮಂದಿಯನ್ನು ಹತ್ತಿಸಿಕೊಂಡು ಹೊರಡಲು ಅಡ್ಡಿಯಿಲ್ಲ. ಸ್ಟೂಲಿನ ಅಗತ್ಯವೂ ಬೀಳದು.