ಹಳೆಯ ವ್ಯಾನಿಗೆ ಹೊಸ ಕಸುವು: ಲಾಭವೆಷ್ಟು, ಅಪಾಯವೆಷ್ಟು?

ಶಿರಾಡಿ ಘಾಟಿಯ ಏರಿನಲ್ಲಿ ಹನ್ನೆರಡು ಆಸನಗಳ ಹಳೆಯ ಮ್ಯಾಕ್ಸಿಕ್ಯಾಬೊಂದು ಎರಡನೆಯ ಗೇರಿನಲ್ಲಿ ತೆವಳುತ್ತಿರುತ್ತದೆ. ಒಳಗೆ ತುಂಬಿದ ಪ್ರಯಾಣಿಕರು, ಮೇಲೆ ಕ್ಯಾರಿಯರಿನಲ್ಲಿ ಸಾಮಾನು. ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ. ಅಸಹನೆಗೊಂಡ ಯಾರೋ ತಿರುವಿನಲ್ಲೇ ಹಿಂದಿಕ್ಕಲು ಹವಣಿಸುತ್ತಾರೆ. ಮಲೆನಾಡು ಮತ್ತು ಕರಾವಳಿಯ ನಡುವೆ ಓಡಾಡುವ ಎಲ್ಲರಿಗೂ ಪರಿಚಿತವಾದ ದೃಶ್ಯವಿದು. 'ಗಾಡಿ ಎಳೆಯುವುದಿಲ್ಲ, ಪಿಕಪ್ ಹೋಗಿದೆ' ಎಂಬ ದೂರಿನೊಂದಿಗೆ ಚಾಲಕ ಗ್ಯಾರೇಜಿಗೆ ಹೋದರೆ ಅಲ್ಲಿ ಸಿದ್ಧ ಉತ್ತರವೊಂದು ಕಾದಿರುತ್ತದೆ. ಪಂಪಿನ ತಿರುಪನ್ನು ಸ್ವಲ್ಪ ತಿರುಗಿಸಿದರಾಯಿತು; ಗಾಡಿ ಸ್ವಲ್ಪ ಹೊಸದಾದರೆ ಒಂದು ಚಿಪ್ ಹಾಕಿದರಾಯಿತು.

ಆದರೆ ಆಯಿತೆಂದು ಹೇಳುವಷ್ಟು ಸರಳವೇ ಈ ಕೆಲಸ? ಹಳೆಯ ಟರ್ಬೊ ಡೀಸೆಲ್ ವ್ಯಾನಿನಿಂದ ಹತ್ತು ಅಶ್ವಶಕ್ತಿ ಹೆಚ್ಚು ಪಡೆಯುವುದು ತಾಂತ್ರಿಕವಾಗಿ ಸಾಧ್ಯ. ಆ ಹತ್ತು ಅಶ್ವಶಕ್ತಿಯ ಬೆಲೆಯನ್ನು ಎಂಜಿನ್ ತೆರುತ್ತದೆಯೋ, ಮಾಲೀಕ ತೆರುತ್ತಾನೋ, ಪ್ರಯಾಣಿಕ ತೆರುತ್ತಾನೋ ಎಂಬುದು ಇಲ್ಲಿರುವ ಪ್ರಶ್ನೆ.

ಹಳೆಯದನ್ನೇ ನೆಚ್ಚಿದ ಬದುಕು

ಬಜಾಜ್ ಟೆಂಪೊ ಕಂಪನಿಯು ಜರ್ಮನಿಯ ಮರ್ಸಿಡಿಸ್ ವಿನ್ಯಾಸವನ್ನಾಧರಿಸಿ 1987ರಲ್ಲಿ ಟ್ರಾವೆಲರ್ ವಾಹನವನ್ನು ಮಾರುಕಟ್ಟೆಗೆ ತಂದಿತು. ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಬದಲಾದರೂ ಜನರ ಬಾಯಲ್ಲಿ ಅದು ಇಂದಿಗೂ 'ಟಿಟಿ'ಯೇ. 2007ರಲ್ಲಿ ಟಾಟಾ ಕಂಪನಿಯ ವಿಂಗರ್ ಬಂದಿತು. ಮದುವೆಯ ದಿಬ್ಬಣ, ಧರ್ಮಸ್ಥಳದ ಯಾತ್ರೆ, ಶಾಲಾ ಪ್ರವಾಸ, ಕಾರ್ಖಾನೆಯ ಪಾಳಿ ಇವೆಲ್ಲವೂ ನಡೆಯುತ್ತಿರುವುದು ಇಂತಹ ವಾಹನಗಳನ್ನು ನಂಬಿ. ಇವುಗಳಲ್ಲಿ ಎಷ್ಟೋ ವಾಹನಗಳಿಗೆ ಚಾಲಕನೇ ಮಾಲೀಕ.

ಈ ಚಾಲಕ-ಮಾಲೀಕನ ಲೆಕ್ಕ ಇತ್ತೀಚಿನ ವರ್ಷಗಳಲ್ಲಿ ಬಿಗಿಯಾಗುತ್ತಲೇ ಇದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಹೊಸ ಡೀಸೆಲ್ ವಾಹನಗಳ ಬೆಲೆ ಏರಿತು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ವಾಣಿಜ್ಯ ವಾಹನಗಳ ಎಫ್‌ಸಿ ಶುಲ್ಕ ಹಲವು ಪಟ್ಟು ಹೆಚ್ಚಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಬಳಿಕ ತಮ್ಮ ಆದಾಯಕ್ಕೆ ಪೆಟ್ಟು ಬಿದ್ದಿತೆಂದು ದೂರಿದ ಖಾಸಗಿ ಸಾರಿಗೆಯವರು ಅದೇ ವರ್ಷದ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಬಂದ್ ನಡೆಸಿದರು. ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಒಮ್ಮೆ ಏರಿತು. 2025ರ ಏಪ್ರಿಲ್ 1ರಂದು ಮತ್ತೊಮ್ಮೆ ಏರಿ ಶೇಕಡಾ 21.17ಕ್ಕೆ ಮುಟ್ಟಿತು. ಹೊಸ ವಾಹನಕ್ಕೆ ಸಾಲ ಮಾಡುವ ಧೈರ್ಯವಿಲ್ಲ, ಹಳೆಯದು ಏರು ಹತ್ತುವುದಿಲ್ಲ. ಈ ಇಕ್ಕಟ್ಟಿನಲ್ಲಿ ಪಂಪಿನ ತಿರುಪು ಆಕರ್ಷಕವಾಗಿ ಕಾಣುವುದು ಸಹಜವೇ.

ಗಾಳಿ, ಇಂಧನ ಮತ್ತು ತಾಪ

ಡೀಸೆಲ್ ಎಂಜಿನ್ ಶಕ್ತಿ ಉತ್ಪಾದಿಸುವುದು ಎಷ್ಟು ಇಂಧನವನ್ನು ಉರಿಸುತ್ತದೆ ಎಂಬುದರ ಮೇಲೆ. ಎಷ್ಟು ಇಂಧನ ಪೂರ್ಣವಾಗಿ ಉರಿಯಬಲ್ಲದು ಎಂಬುದನ್ನು ನಿರ್ಧರಿಸುವುದು ಗಾಳಿ. ಒಂದು ಕಿಲೋ ಡೀಸೆಲ್ ಉರಿಯಲು ತತ್ತ್ವದ ಪ್ರಕಾರ ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಸಾಕು. ಆದರೆ ಸಿಲಿಂಡರಿನೊಳಗೆ ಗಾಳಿ, ಇಂಧನ ಬೆರೆಯಲು ಸಿಗುವ ಕಾಲ ಅತ್ಯಲ್ಪವಾದುದರಿಂದ ಹೊಗೆಯಿಲ್ಲದೆ ಉರಿಯಬೇಕಾದರೆ ಹದಿನೆಂಟರಿಂದ ಇಪ್ಪತ್ತು ಕಿಲೋದಷ್ಟು ಗಾಳಿ ಬೇಕಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯದ ಇಂಗಾಲ ಕಪ್ಪುಹೊಗೆಯಾಗಿ ಹೊರಬರುತ್ತದೆ.

ಟರ್ಬೊ ಮಾಡುವ ಕೆಲಸವೆಂದರೆ ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ, ಒಳಬರುವ ಗಾಳಿಯನ್ನು ಒತ್ತಿ ತುಂಬುವುದು. ಹಳೆಯ ಯಾಂತ್ರಿಕ ಪಂಪಿನಲ್ಲಿ ಪೂರ್ಣ ಭಾರದ ಇಂಧನ ಪ್ರಮಾಣವನ್ನು ನಿಗದಿಪಡಿಸುವ ತಿರುಪೊಂದಿದೆ. ಅದನ್ನು ಅರ್ಧ ಸುತ್ತು ತಿರುಗಿಸಿದರೂ ಸಾಕು, ಏರಿನಲ್ಲಿ ಗಾಡಿ ಎಳೆಯುವ ರೀತಿ ಬದಲಾಗುತ್ತದೆ. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಈ ತಿರುಪಿಲ್ಲ. ಅಲ್ಲಿ ಅಗ್ಗದ ಪೆಟ್ಟಿಗೆಯೊಂದು ಒತ್ತಡದ ಸಂವೇದಕಕ್ಕೂ ಗಣಕಕ್ಕೂ ನಡುವೆ ಕುಳಿತು, ರೈಲಿನೊಳಗಿನ ಒತ್ತಡ ಕಡಿಮೆಯಿದೆ ಎಂದು ಸುಳ್ಳು ಹೇಳುತ್ತದೆ. ಅದನ್ನು ನಂಬಿದ ಗಣಕ ಒತ್ತಡವನ್ನು ಹೆಚ್ಚಿಸುತ್ತದೆ. ಗಣಕದೊಳಗಿನ ಕೋಷ್ಟಕಗಳನ್ನೇ ತಿದ್ದುವ ರೀಮ್ಯಾಪಿಂಗ್ ಇದಕ್ಕಿಂತ ಶಿಸ್ತಿನ ವಿಧಾನ. ಆದರೆ ತಿದ್ದುವವನಿಗೆ ಆ ಎಂಜಿನ್ನಿನ ಮಿತಿ ತಿಳಿದಿರಬೇಕು.

ಮಾರ್ಗ ಯಾವುದಾದರೂ ಪರಿಣಾಮ ಒಂದೇ: ಇಂಧನ ಹೆಚ್ಚಿತು, ಗಾಳಿ ಅಷ್ಟೇ ಉಳಿಯಿತು. ಆಗ ಏರುವುದು ತಾಪ. ಟರ್ಬೊ ಹೊಗುವ ಮುನ್ನ ಹೊಗೆಯ ತಾಪ 700 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಬಹಳ ಹೊತ್ತು ನಿಂತರೆ ಹಳೆಯ ಎಂಜಿನ್ನಿಗೆ ಅದು ಎಚ್ಚರಿಕೆಯ ಗಂಟೆ. ಪಿಸ್ಟನ್ ತಯಾರಾಗುವ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಎಣ್ಣೆ ಮತ್ತು ನೀರು ಅದನ್ನು ನಿರಂತರವಾಗಿ ತಣಿಸುತ್ತಿರುವುದರಿಂದಷ್ಟೇ ಅದು ಉಳಿದಿದೆ. ಸಮತಟ್ಟಾದ ರಸ್ತೆಯಲ್ಲಿ ಚಾಲಕ ಪೂರ್ಣ ಶಕ್ತಿ ಬಳಸುವುದು ಕೆಲವು ಸೆಕೆಂಡು ಮಾತ್ರ. ಘಾಟಿಯಲ್ಲಿ ಹಾಗಲ್ಲ, ಹತ್ತು ಹದಿನೈದು ನಿಮಿಷ ಸತತವಾಗಿ ಬಳಸುತ್ತಾನೆ. ಪಟ್ಟಣದಲ್ಲಿ ಪರೀಕ್ಷಿಸಿದಾಗ ಸೊಗಸಾಗಿ ಓಡಿದ ಗಾಡಿ ಘಾಟಿಯಲ್ಲಿ ಹೆಡ್ ಗ್ಯಾಸ್ಕೆಟ್ ಕಳೆದುಕೊಂಡು ನಿಲ್ಲುವುದಕ್ಕೆ ಇದು ಕಾರಣ.

ಇಂಟರ್‌ಕೂಲರ್ ಕಡೆಗೆ ಅನುಭವಿ ಮೆಕ್ಯಾನಿಕ್‌ಗಳು ಬೊಟ್ಟು ಮಾಡುವುದೂ ಇದಕ್ಕಾಗಿಯೇ. ಟರ್ಬೊ 0.8 ಬಾರ್‌ನಷ್ಟು ಒತ್ತಿದ ಗಾಳಿ ನೂರು ಡಿಗ್ರಿಯನ್ನೂ ಮೀರಿ ಬಿಸಿಯಾಗುತ್ತದೆ. ಅದನ್ನು ಐವತ್ತು ಅರವತ್ತು ಡಿಗ್ರಿಗೆ ಇಳಿಸಿದರೆ ಅದೇ ಜಾಗದಲ್ಲಿ ಶೇಕಡಾ 15ರಷ್ಟು ಹೆಚ್ಚು ಗಾಳಿ ಹಿಡಿಯುತ್ತದೆ. ಗಾಳಿ ಹೆಚ್ಚಿದ ಮೇಲೆ ಇಂಧನ ಹೆಚ್ಚಿಸಿದರೆ ಹೊಗೆಯೂ ತಾಪವೂ ಹತೋಟಿಯಲ್ಲಿರುತ್ತವೆ. ಕ್ರಮ ಇದು: ಮೊದಲು ಗಾಳಿ, ಆಮೇಲೆ ಇಂಧನ. ರೂಢಿಯಲ್ಲಿರುವುದು ಇದರ ತಲೆಕೆಳಗು.

ಕಳೆದುಹೋದುದನ್ನು ಹುಡುಕುವ ಮುನ್ನ

ಇಷ್ಟೆಲ್ಲ ಚರ್ಚೆಯಲ್ಲಿ ಮರೆತುಹೋಗುವ ಮಾತೊಂದಿದೆ. ಎರಡು ಮೂರು ಲಕ್ಷ ಕಿಲೋಮೀಟರ್ ಓಡಿದ ವ್ಯಾನಿಗೆ ಬೇಕಾಗಿರುವುದು ಹೊಸ ಶಕ್ತಿಯೋ, ಅಥವಾ ಕಳೆದುಕೊಂಡ ಹಳೆಯ ಶಕ್ತಿಯೋ?

ಕಟ್ಟಿಕೊಂಡ ಏರ್ ಫಿಲ್ಟರ್, ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯಲ್ಲಿನ ಸಣ್ಣ ಸೀಳು, ಸವೆದ ನಾಝಲ್‌ಗಳು, ಮಸಿ ತುಂಬಿದ ಇಜಿಆರ್ ಕವಾಟ, ಹೊಂದಾಣಿಕೆ ತಪ್ಪಿದ ಟ್ಯಾಪೆಟ್, ಹಿಂದೆ ಸರಿದ ಪಂಪ್ ಟೈಮಿಂಗ್ ಇವೆಲ್ಲ ತಲಾ ಸ್ವಲ್ಪ ಸ್ವಲ್ಪ ಶಕ್ತಿಯನ್ನು ಕದಿಯುತ್ತವೆ. ಬಿಗಿದುಕೊಂಡ ಬ್ರೇಕ್ ಮತ್ತು ಗಾಳಿ ಇಳಿದ ಟಯರು ಎಂಜಿನ್ನಿನ ತಪ್ಪಿಲ್ಲದೆಯೇ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತವೆ. ಸೀಳಿದ ಕೊಳವೆಯಿಂದ ಗಾಳಿ ಸೋರುತ್ತಿರುವಾಗ ಪಂಪಿನ ತಿರುಪು ತಿರುಗಿಸುವುದೆಂದರೆ, ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ.

ಒತ್ತಡದ ಪರೀಕ್ಷೆ, ಕಂಪ್ರೆಷನ್ ಪರೀಕ್ಷೆ ಮತ್ತು ಪಂಪ್-ನಾಝಲ್‌ಗಳ ಬೆಂಚ್ ಪರೀಕ್ಷೆ ಈ ಮೂರನ್ನು ಮಾಡಿಸಿದರೆ ದೋಷ ಎಲ್ಲಿದೆಯೆಂಬುದು ಬಹುಪಾಲು ತಿಳಿಯುತ್ತದೆ. ಕಂಪ್ರೆಷನ್ ಕುಸಿದಿದ್ದರೆ ಅಂತಹ ಎಂಜಿನ್ನಿಗೆ ಶಕ್ತಿ ಹೆಚ್ಚಿಸುವ ಮಾತೇ ಎತ್ತಬಾರದು. ಎತ್ತರದ ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 10ರಷ್ಟು ಇಳಿಯುತ್ತದೆ. ಸುಸ್ಥಿತಿಯಲ್ಲಿರುವ ಟರ್ಬೊ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಸೋರುವ ಟರ್ಬೊ ತುಂಬಿಕೊಡಲಾರದು. ಮಂಗಳೂರಿನಲ್ಲಿ ಚೆನ್ನಾಗಿದ್ದ ಗಾಡಿ ಮಡಿಕೇರಿಯಲ್ಲಿ ಹೊಗೆ ಉಗುಳಿದರೆ ಮೊದಲ ಅನುಮಾನ ಟರ್ಬೊ ಮತ್ತು ಅದರ ಕೊಳವೆಗಳ ಮೇಲೆ ಹೋಗಬೇಕು.

ಎರಡೂವರೆ ನಿಮಿಷದ ಲೆಕ್ಕ

ಹತ್ತು ಅಶ್ವಶಕ್ತಿಯಿಂದ ಸಿಗುವುದೇನು? ಪ್ರಯಾಣಿಕರೂ ಸೇರಿ ನಾಲ್ಕು ಟನ್ ತೂಗುವ ವ್ಯಾನೊಂದು ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ ಚಕ್ರಗಳಲ್ಲಿ ಸುಮಾರು 45 ಅಶ್ವಶಕ್ತಿ ಬೇಕು. ಗೇರ್ ಪೆಟ್ಟಿಗೆ ಮತ್ತು ಆಕ್ಸಲ್‌ಗಳ ಸೋರಿಕೆ ಸೇರಿಸಿದರೆ ಎಂಜಿನ್ 50 ಕೊಡಬೇಕು. ಅದಕ್ಕೆ ಇನ್ನು ಹತ್ತು ಸೇರಿದರೆ ವೇಗ 48 ಕಿಲೋಮೀಟರ್ ಆಗಬಹುದು. ಹತ್ತು ಕಿಲೋಮೀಟರ್ ಏರಿಗೆ ಹಿಡಿಯುತ್ತಿದ್ದ 15 ನಿಮಿಷ ಹನ್ನೆರಡೂವರೆಗೆ ಇಳಿಯುತ್ತದೆ. ಉಳಿತಾಯ ಎರಡೂವರೆ ನಿಮಿಷ. ಅದೂ ತಿರುವುಗಳಿಲ್ಲದ ಘಾಟಿಯಲ್ಲಿ!

ಇನ್ನೊಂದು ದಿಕ್ಕಿನಿಂದ ನೋಡಿದರೆ, ಕ್ಯಾರಿಯರಿನ ಮೇಲಿನ ಅನಗತ್ಯ ಸಾಮಾನನ್ನು ಇಳಿಸಿ ನಾಲ್ಕು ಕ್ವಿಂಟಲ್ ತೂಕ ಕಡಿಮೆ ಮಾಡಿದರೂ ಹೆಚ್ಚುಕಡಿಮೆ ಇದರ ಅರ್ಧದಷ್ಟು ಫಲ ಬಿಟ್ಟಿಯಾಗಿ ದೊರೆಯುತ್ತದೆ. ಸಪಾಟು ರಸ್ತೆಯಲ್ಲಂತೂ ಹೆಚ್ಚುವರಿ ಶಕ್ತಿಗೆ ಕೆಲಸವೇ ಕಡಿಮೆ. 2015ರ ಅಕ್ಟೋಬರ್ ಬಳಿಕ ತಯಾರಾದ ಇಂತಹ ಸಾರಿಗೆ ವಾಹನಗಳಿಗೆ 80 ಕಿಲೋಮೀಟರ್ ಮೀರದಂತೆ ವೇಗ ನಿಯಂತ್ರಕ ಕಡ್ಡಾಯ.

ಕಾನೂನಿನ ಗೆರೆ

ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

ಸವೆದ ಭಾಗವನ್ನು ಅದೇ ಮಾದರಿಯ ಭಾಗದಿಂದ ಬದಲಿಸುವುದು ದುರಸ್ತಿ. ಪಂಪನ್ನು ತಯಾರಕರ ಅಳತೆಗೆ ಮರಳಿ ತರುವುದೂ ದುರಸ್ತಿಯೇ. ಆ ಅಳತೆಯನ್ನು ಮೀರುವುದು ಬೇರೆಯೇ ಮಾತು. ತಿರುಪು ಕಣ್ಣಿಗೆ ಕಾಣದಿರಬಹುದು, ಹೊಗೆ ಕಾಣದೆ ಇರದು. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಘಟಕ. ಬಿಎಸ್-4 ವಾಹನಗಳಿಗೆ 50. ತಿರುಪು ತಿರುಗಿಸಿದ ಗಾಡಿ ಮೊದಲು ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲಿ. ಎಂಟು ವರ್ಷ ದಾಟಿದ ಸಾರಿಗೆ ವಾಹನ ಪ್ರತಿವರ್ಷ ಎಫ್‌ಸಿಗೆ ನಿಲ್ಲಬೇಕಾದುದರಿಂದ ಆ ದಿನದ ಮಟ್ಟಿಗೆ ತಿರುಪನ್ನು ಹಿಂದಕ್ಕೆ ತಿರುಗಿಸುವ ಜಾಣತನವೂ ಬಳಕೆಯಲ್ಲಿದೆ. ಅಪಘಾತ ಸಂಭವಿಸಿದರೆ, ಘೋಷಿಸದ ಮಾರ್ಪಾಡನ್ನು ಮುಂದಿಟ್ಟು ವಿಮಾ ಕಂಪನಿ ತಕರಾರು ತೆಗೆಯಬಹುದು. ಆಗ ಈ ಜಾಣತನ ಕೆಲಸಕ್ಕೆ ಬರುವುದಿಲ್ಲ.

ಏರಿದ್ದು ಇಳಿಯಲೇಬೇಕು

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಎಂಜಿನ್ನಿನ ಶಕ್ತಿ ಹೆಚ್ಚಿಸಿದವರು ಬ್ರೇಕಿನ ಶಕ್ತಿ ಹೆಚ್ಚಿಸಿರುವುದಿಲ್ಲ. ಕ್ಲಚ್, ಗೇರ್ ಪೆಟ್ಟಿಗೆ, ರೇಡಿಯೇಟರ್ ಎಲ್ಲವೂ ಹಳೆಯ ಲೆಕ್ಕಕ್ಕೆ ತಕ್ಕಂತೆ ಕಟ್ಟಿದವು. ಸುಲಭವಾಗಿ ಹತ್ತಿದ ಗಾಡಿಗೆ ಇನ್ನಷ್ಟು ಭಾರ ಹೇರುವ ಆಸೆ ಬರುತ್ತದೆ. ಆ ಭಾರವನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕಾದುದು ಅದೇ ಹಳೆಯ ಡ್ರಮ್ಮು, ಅದೇ ಹಳೆಯ ಲೈನರ್. ಚಾರ್ಮಾಡಿಯಲ್ಲಾಗಲಿ ಆಗುಂಬೆಯಲ್ಲಾಗಲಿ, ಏರಲಾರದೆ ನಿಂತ ವಾಹನದಿಂದ ಆಗುವುದು ತಡ. ಇಳಿಯುವಾಗ ನಿಲ್ಲಲಾರದ ವಾಹನದಿಂದ ಆಗುವುದು ಅನಾಹುತ.

ಹೀಗಾಗಿ ಹಳೆಯ ವ್ಯಾನಿನ ಮಾಲೀಕನಿಗೆ ವಿವೇಕದ ದಾರಿ ಇಷ್ಟು: ಮೊದಲು ಸೋರಿಕೆ ಮತ್ತು ಸವೆತ ಸರಿಪಡಿಸಿ ಮೂಲ ಶಕ್ತಿಯನ್ನು ಮರಳಿ ಪಡೆಯುವುದು, ಬ್ರೇಕು ಮತ್ತು ತಣಿಸುವ ವ್ಯವಸ್ಥೆಯನ್ನು ಅದರ ಜೊತೆಗೇ ಸುಸ್ಥಿತಿಗೆ ತರುವುದು, ಭಾರ ಇಳಿಸುವುದು. ಬಹಳಷ್ಟು ಮಂದಿಗೆ ಇಷ್ಟರಲ್ಲೇ 'ಪಿಕಪ್' ಮರಳಿ ಬರುತ್ತದೆ. ಬಾರದಿದ್ದರೆ ಆ ಎಂಜಿನ್ನಿಗೆ ಬೇಕಾಗಿರುವುದು ಬೋರಿಂಗ್ ಕೆಲಸವೇ ಹೊರತು ಚಿಪ್ ಅಲ್ಲ.

ಸರ್ಕಾರದ ಪಾಲೂ ಇದರಲ್ಲಿದೆ. ಹಳೆಯ ವಾಹನಕ್ಕೆ ಶುಲ್ಕ ಏರಿಸಿ ಅದನ್ನು ರಸ್ತೆಯಿಂದ ದೂಡುವ ನೀತಿ ಕಾಗದದ ಮೇಲೆ ಸರಿಯೇ. ಆದರೆ ಚಾಲಕ-ಮಾಲೀಕನಿಗೆ ಹೊಸ ವಾಹನದ ಸಾಲ ಕೈಗೆಟುಕುವ ತನಕ ಆತ ಹಳೆಯದನ್ನೇ ಓಡಿಸುತ್ತಾನೆ. ಓಡದಿದ್ದರೆ ಓಡುವಂತೆ ಮಾಡಿಕೊಳ್ಳುತ್ತಾನೆ. ಗ್ಯಾರೇಜಿನ ತಿರುಪಿಗೂ ವಿಧಾನಸೌಧದ ನೀತಿಗೂ ನಡುವೆ ಇರುವ ನಂಟು ಇದು. ಎರಡೂ ಕಡೆ ಲೆಕ್ಕ ತಪ್ಪಿದರೆ ತೂಗುವುದು ಹಿಂದಿನ ಆಸನಗಳಲ್ಲಿ ಕುಳಿತ ಹನ್ನೆರಡು ಜೀವಗಳು.